ಓದದೆ ಬಿಟ್ಟ ಏಳನೇ ಪುಟ

ಬೇಲೆಕೇರಿ,
2189, ಒಂಬತ್ತನೇ ತಿಂಗಳ ನಲವತ್ತನೇ ದಿನ

ಇನ್ನು ನೂರು ವರ್ಷಗಳ ನಂತರ ಈ ಗೇಟಿಗೆ ಬರುವವರಿಗೆ,

ಆರು ವರ್ಷಗಳ ಹಿಂದೆ ಏಳನೇ ಪುಟವನ್ನು ಓದದೆ ಬಿಟ್ಟವಳು ನಾನು. ಇವತ್ತಿನವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ತಿಂಗಳಿಗೆ ನಲವತ್ತು ದಿನ. ನಿಮ್ಮದು ಹೇಗೋ ತಿಳಿಯದು. ಒಂದು ಕಡೆ ಕೂರಲಾಗದೆ ಆರನೇ ತರಗತಿಗೇ ಶಾಲೆ ಬಿಟ್ಟವಳ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ.

ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ಕಾರ್ಖಾನೆಗೆ ನಾವು ಸಿಹಿಮನೆ ಎನ್ನುತ್ತೇವೆ. ದೇವಯಾನಿ ಅಂಬಿಗ ಹದಿನಾರನೇ ವಯಸ್ಸಿಗೆ ಅಲ್ಲಿ ಕೊಳವೆಯ ಉಪ್ಪು ಕೆರೆಯಲು ಸೇರಿದರು. ಇಪ್ಪತ್ತಕ್ಕೆ ಸಂಘ ಕಟ್ಟಿದರು. ಮುಷ್ಕರ ಮಾಡಿ ಎರಡು ಸಲ ಜೈಲಿಗೆ ಹೋದರು. ಕೆಂಬಾವುಟದವರು ಅಧಿಕಾರಕ್ಕೆ ಬಂದಾಗ ಜಲಮಂತ್ರಿಯ ಸಲಹೆಗಾರರಾದರು, ಒಂದು ಷರತ್ತಿನ ಮೇಲೆ: ಪ್ರತಿ ಸಲಹೆಯನ್ನೂ ಮೊದಲು ಸಿಹಿಮನೆಯ ಗೇಟಿನಲ್ಲಿ ಓದಬೇಕು, ಕೆಲಸಗಾರರು ಪುಟಪುಟಕ್ಕೂ ಕೈ ಎತ್ತಿದರೆ ಮಾತ್ರ ಸಹಿ. ಇದನ್ನು ಗೇಟೋದು ಎನ್ನುತ್ತೇವೆ. ಯಂತ್ರದಲ್ಲಿರುವ ಮಾತನ್ನು ಆಮೇಲೆ ಬದಲಿಸಬಹುದೆಂದು ಇದಕ್ಕೆ ಮಾತ್ರ ಇನ್ನೂ ಕಾಗದ ಬಳಸುತ್ತೇವೆ. ಉಪ್ಪಿನ ಹಬೆಗೆ ದೇವಯಾನಿಯವರ ಕಣ್ಣು ಮಸುಕಾಗಿತ್ತು. ಅವರ ಮನೆಯಲ್ಲೇ ಇದ್ದು, ಅವರ ಪರವಾಗಿ ಓದುತ್ತಿದ್ದವಳು ನಾನು.

ಆ ದಿನ ಅವರಿಗೆ ಜ್ವರ. ಒಬ್ಬಳೇ ಹೋದೆ. ಆ ಸಲಹೆಯ ಏಳನೇ ಪುಟ ಮಂತ್ರಿಯ ಕಚೇರಿ ಸೇರಿಸಿದ್ದು, ಬರೀ ಕಾನೂನಿನ ಪದಗಳು. ಮೊದಲ ಸಾಲಿಗೇ ತೊದಲಿದೆ.

“ಅಕ್ಕೋರೇ, ನಿಮ್ಮ ಪಾಠ ಮುಗೂದ್ರೊಳಗೆ ನಮ್ಗೆ ಪಿಂಚಣಿ ಬರ್ತದೆ,” ಎಂದರು ಯಾರೋ. ಎಲ್ಲರೂ ನಕ್ಕರು. ನಾನು ಆ ಹಾಳೆಯನ್ನು ಅಲ್ಲಿಗೇ ಮಗುಚಿ ಮುಂದಿನ ಪುಟಕ್ಕೆ ಹೋದೆ.

ಮನೆಗೆ ಬಂದಾಗ ದೇವಯಾನಿಯವರು ಎದ್ದು ಕೂತರು. “ಏಳನೇ ಪುಟಕ್ಕೂ ಕೈ ಎತ್ತಿದ್ರೇನೆ?”

ಹೌದು ಎಂದೆ. ಅವರು ಪೆನ್ನು ತಡಕಿ ಸಹಿ ಹಾಕಿದರು. ಗೇಟಿನವರು ಆ ಪುಟ ಬೇಡವೆಂದರೆ ಅದನ್ನೇ ಹಿಡಿದು ಮಂತ್ರಿಯೊಡನೆ ಜಗಳವಾಡಲು ಕಾದಿದ್ದರೆಂದು ನನಗೆ ಆಗ ತಿಳಿಯಲಿಲ್ಲ. ಪಂಪು ನಿಲ್ಲಿಸಿದವರನ್ನು ಕೆಲಸದಿಂದ ತೆಗೆಯಬಹುದು ಎಂದು ಆ ಪುಟದಲ್ಲಿತ್ತು.

ಮರುವರ್ಷದ ಮುಷ್ಕರದಲ್ಲಿ ಅರವತ್ತೊಂದು ಜನರ ಕೆಲಸ ಹೋಯಿತು. ದೇವಯಾನಿ ತಮ್ಮನ್ನು ಮಾರಿದಳೆಂದರು. ಅಂಥ ಪುಟವನ್ನು ತಾವು ಕೇಳಿಯೇ ಇಲ್ಲವೆಂದು ಗೇಟಿನಲ್ಲಿ ಕೂಗಾಡಿದರು. ದೇವಯಾನಿಯವರು ಮಸುಕುಗಣ್ಣನ್ನು ನನ್ನ ಕಡೆ ತಿರುಗಿಸಿದರು. ನಾನು ಜನರ ಹಿಂದೆ ಸರಿದೆ.

“ಸಹಿ ನಂದೇ. ಮತ್ತ್ಯಾರನ್ನೂ ಕೇಳೂದು ಬೇಡ,” ಎಂದರು.

ಗೇಟಿನ ಧ್ವಜಕಂಬದ ಕಲ್ಲಿನ ಮೇಲೆ ಸಂಘ ಕಟ್ಟಿದವರೆಂದು ಇದ್ದ ಅವರ ಹೆಸರನ್ನು ಕೆತ್ತಿ ತೆಗೆದರು. ಹೋದ ತಿಂಗಳು ಅವರು ತೀರಿಕೊಂಡಾಗ ಮೈಮೇಲೆ ಸಂಘದ ಬಾವುಟ ಹೊದಿಸಲಿಲ್ಲ. ಐದು ವರ್ಷ ಒಂದೇ ತಟ್ಟೆಯಲ್ಲಿ ಉಂಡರೂ ಅವರು ಆ ಪುಟದ ಬಗ್ಗೆ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಗೇಟಿನಲ್ಲಿ ನಿಂತು ಏಳನೇ ಪುಟ ಓದಿದೆ, ನಾನು ಮಾಡಿದ್ದನ್ನೂ ಹೇಳಿದೆ. ಯಾರೂ ನಗಲಿಲ್ಲ. ಮುದುಕ ಬೊಮ್ಮಯ್ಯ ಮಾತ್ರ, “ಮತ್ತೊಂದ್ಸಲ ಓದು ತಂಗಿ, ಸಾವಕಾಶ,” ಎಂದ. ಮತ್ತೆ ಓದಿದೆ. ಕಲ್ಲಿನ ಮೇಲೆ ದೇವಯಾನಿಯವರ ಹೆಸರನ್ನು ಮತ್ತೆ ಕೆತ್ತಬೇಕು, ನಾನು ಈ ಗೇಟಿನಲ್ಲಿ ಇನ್ನೆಂದೂ ಓದಬಾರದು ಎಂದು ಕೈ ಎತ್ತಿದರು. ಎರಡಕ್ಕೂ ನಾನೂ ಎತ್ತಿದೆ.

ಈ ಪತ್ರವನ್ನು ಆ ಕಲ್ಲಿನ ಕೆಳಗೆ ಇಡುತ್ತಾರಂತೆ. ನಿಮ್ಮಲ್ಲೂ ಗೇಟೋದು ಉಳಿದಿದ್ದರೆ, ಓದುವವರು ತೊದಲಿದಾಗ ಕಾಯಿರಿ. ಪುಟಗಳನ್ನು ಎಣಿಸಿ.

ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರು ಈಗ ತದಡಿಯಲ್ಲಿದ್ದಾರೆ. ಅವರಿಗೂ ಈ ಪುಟ ಓದಿ ಹೇಳಬೇಕು. ನಾಳೆ ಬೆಳಗಿನ ದೋಣಿಗೆ ಹೊರಡುತ್ತೇನೆ.