ಪಾಸಿನವರ ಕಾಲಂ

ಮನೆಯಿಂದ,
ಆಗಸ್ಟ್ 17, ಭಾನುವಾರ

ಪ್ರೀತಿಯ ಟೀಚರಮ್ಮ,

'...ಕಾಗದ ನೋಡೋದನ್ನ ಬಿಟ್ಟು,' ಎಂದು ಏನೋ ಅಂದೆ ನೀನು, ತರಬೇತಿಗೆ ಹೊರಟ ದಿನ. ಮುಂದಿನ ಮಾತನ್ನು ಬಸ್ಸಿನ ಸದ್ದು ನುಂಗಿಹಾಕಿತು. ಕಿಟಕಿಯೊಳಗೆ ನಿನ್ನ ಬಾಯಿ ಆಡುತ್ತಲೇ ಇತ್ತು, ನಾನು ಎಲ್ಲ ಕೇಳಿಸಿದವನಂತೆ ತಲೆಯಾಡಿಸಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಹೀಗೆ ತಲೆಯಾಡಿಸಿ ಒಪ್ಪಿಕೊಂಡ ಮಾತುಗಳು ಎಷ್ಟಿವೆಯೋ. ಆ ವಾಕ್ಯದ ಉಳಿದರ್ಧ ಏನಿರಬಹುದೆಂದು ಒಂದೂವರೆ ತಿಂಗಳಿಂದ ಆಗಾಗ ಯೋಚಿಸಿದ್ದೇನೆ. ಈ ವಾರ ನಡೆದದ್ದನ್ನು ನೋಡಿದ ಮೇಲೆ ಹೆಚ್ಚು ಯೋಚಿಸಬೇಕಾಗಿಲ್ಲ ಅನ್ನಿಸಿತು.

ಮೊದಲು ಹೇಳು, ಮಂಡಿನೋವು ಹೇಗಿದೆ? ತರಬೇತಿ ಕೇಂದ್ರದ ಹಾಸಿಗೆ ಹಲಗೆಯಂತಿದೆ ಎಂದು ಬರೆದಿದ್ದೆ. ದಪ್ಪನೆಯ ಹೊದಿಕೆಯೊಂದನ್ನು ಪಾರ್ಸಲ್ ಮಾಡಿದ್ದೇನೆ, ತಲುಪಿರಬೇಕು. ಊಟ ಬಿಡಬೇಡ. ಇಷ್ಟು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದವಳು ಈಗ ತಾನೇ ಬೆಂಚಿನ ಮೇಲೆ ಕೂತು, ಗಣಿತ ಹೇಳಿಕೊಡುವ ಹೊಸ ರೀತಿಯನ್ನು ಸರ್ಕಾರದ ಖರ್ಚಿನಲ್ಲಿ ಕಲಿಯುತ್ತಿದ್ದಾಳೆ ಎಂಬುದು ಮನೆಯಲ್ಲಿ ಎಲ್ಲರಿಗೂ ಖುಷಿ. ಅಮ್ಮನಿಗೆ ಸ್ವಲ್ಪ ಹೆಚ್ಚೇ ಖುಷಿ. 'ಅವಳಿಗೂ ಹೋಂವರ್ಕ್ ಕೊಡ್ತಾರೇನೋ?' ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ಕೊಡುತ್ತಾರೆ ಎಂದರೆ, ಸೊಸೆಯ ಮೇಲೆ ಕರುಣೆಯೋ ತೃಪ್ತಿಯೋ ತಿಳಿಯದ ಒಂದು ನಗು. ನಮ್ಮ ವಕೀಲರು, ಅಂದರೆ ನಿನ್ನ ಮಗಳು, ಎಂದಿನಂತೆ ವಾದ ಮಾಡಿಕೊಂಡು ಚೆನ್ನಾಗಿದ್ದಾರೆ. ಹೈಸ್ಕೂಲು ಮುಗಿಸಿ ಕಾಲೇಜು ಸೇರಿದ ಮೇಲೆ ವಾದಕ್ಕೆ ಇನ್ನಷ್ಟು ಹರಿತ ಬಂದಿದೆ. ನಿನ್ನ ಹಳೆಯ ಕೈಗಡಿಯಾರವನ್ನು ಕೇಳದೆಯೇ ಕಟ್ಟಿಕೊಂಡು ಹೋಗುತ್ತಿದ್ದಾಳೆ. ನಾನು ನೋಡಿಲ್ಲ ಎಂದುಕೊಂಡಿದ್ದಾಳೆ.

ಆ ಕಾಲೇಜು ಈಗ ಹೇಗಾಗಿದೆ ಎಂದರೆ ನೀನು ನಂಬುವುದಿಲ್ಲ. ನೀನು ಹೊರಟಾಗ ಗೋಡೆ ಇನ್ನೂ ಒದ್ದೆಯಿತ್ತಲ್ಲ. ಅಲ್ಲಿನ ಹೈಸ್ಕೂಲಿನ ಹಿಂದಿನ ಆ ಎರಡಂತಸ್ತು ಮುಗಿದು, ಬೆಂಚು ಬಂದು, ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ಬಂದು, ಹೊರಗೆ ಹುಡುಗಿಯರಿಗೆಂದು ಆರು ಶೌಚಾಲಯವೂ ಎದ್ದಿವೆ. ಶುಲ್ಕವಿಲ್ಲ, ಬಸ್ಸಿಗೆ ಉಚಿತ ಪಾಸು. ಕಾಲೇಜು ಮಾತ್ರ ಹನ್ನೊಂದು ಕಿಲೋಮೀಟರ್ ದೂರ. ಅದಕ್ಕೆಂದೇ ಬೆಳಿಗ್ಗೆ ಎಂಟೂ ಹತ್ತರ ಬಸ್ಸು ಬಿಟ್ಟರು, ಒಂದು ತಿಂಗಳು ಪ್ರಯೋಗವಾಗಿ. ದಿನಕ್ಕೆ ಸರಾಸರಿ ಮೂವತ್ತು ಜನ ಹತ್ತಿದರೆ ಬಸ್ಸು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಬಸ್ಸು ನಿಂತರೆ ನಮ್ಮ ವಕೀಲರ ಕಾಲೇಜೂ ನಿಂತಂತೆಯೇ. ಬೇರೆ ದಾರಿ ನನಗೆ ತೋಚಿರಲಿಲ್ಲ. ಲೆಕ್ಕ ಹಾಕಿ ವರದಿ ಕೊಡಬೇಕಾದವನು ಡಿಪೋದ ಮೇಲಂತಸ್ತಿನಲ್ಲಿ ಕೂತ ನಾನು.

ಕಳೆದ ಸೋಮವಾರಕ್ಕೆ ಇಪ್ಪತ್ತನಾಲ್ಕು ದಿನ ತುಂಬಿತು. ಕಂಡಕ್ಟರ್ ದಿನವೂ ತುಂಬಿಕೊಡುವ ಟ್ರಿಪ್ ಶೀಟುಗಳನ್ನು ಕೂಡಿ ಭಾಗಿಸಿದೆ. ಸರಾಸರಿ ನಾಲ್ಕು. ಮತ್ತೊಮ್ಮೆ ಕೂಡಿದೆ, ನಾಲ್ಕೇ. ನನ್ನ ಮಗಳು ಹೋಗುವ ಬಸ್ಸು ಎಂಬ ಕಾರಣಕ್ಕೆ ಅಂಕಿಯನ್ನು ತಿದ್ದುವವನು ನಾನಲ್ಲ ಎಂಬುದು ನಿನಗೆ ಗೊತ್ತು. ಅದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಬಸ್ಸನ್ನು ನಿಲ್ಲಿಸಬಹುದು ಎಂದು ಕಾಗದ ಟೈಪು ಮಾಡಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ನಮ್ಮ 'ಆಯ್ತುಬಿಡಿ' ಸಾಹೇಬರು ಓದದೆಯೇ 'ಆಯ್ತು ಬಿಡಿ' ಎಂದು ಸಹಿ ಹಾಕಿದರು.

ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ವಕೀಲರು ಟೀ ಲೋಟ ಕೆಳಗಿಟ್ಟರು. 'ನಾಲ್ಕು ಜನಾನಾ? ಅಪ್ಪಾ, ಇವತ್ತು ನನ್ನ ಒಂದು ಕಾಲಿನ ಚಪ್ಪಲಿ ಬಸ್ಸಲ್ಲೇ ಬಿಟ್ಟು ಇಳಿದಿದೀನಿ. ಬಗ್ಗಿ ಹುಡುಕೋಕೂ ಜಾಗ ಇರಲಿಲ್ಲ.' ನಾನು ಅದನ್ನು ಅವಳ ಎಂದಿನ ಉತ್ಪ್ರೇಕ್ಷೆ ಎಂದುಕೊಂಡು ಕಾಗದದಲ್ಲಿರುವುದನ್ನು ವಿವರಿಸತೊಡಗಿದೆ. ಅವಳು ಲೋಟ ಎತ್ತಿಕೊಂಡು ಎದ್ದುಹೋದಳು. ಅವಳು ವಾದ ಮಾಡದೆ ಎದ್ದುಹೋದದ್ದು ಇದೇ ಮೊದಲು. ಅಮ್ಮ ಮೂಲೆಯಿಂದ, 'ಇವನು ಚಿಕ್ಕಂದಿನಿಂದಲೂ ಹಾಗೇ. ಹಸಿವಾಗಿದೆಯೋ ಇಲ್ಲವೋ ಅಂತ ಗಡಿಯಾರ ನೋಡಿ ಹೇಳ್ತಿದ್ದ' ಎಂದಳು.

ಮಾರನೆಯ ಬೆಳಿಗ್ಗೆ, ಅವಳ ಮಾತು ತಪ್ಪೆಂದು ತೋರಿಸಲೆಂದೇ, ಒಂದು ಪುಸ್ತಕ ಪೆನ್ಸಿಲು ಹಿಡಿದು ಅವಳ ಜೊತೆ ನಿಲ್ದಾಣಕ್ಕೆ ಹೋದೆ. ಬಸ್ಸು ಒಂದು ಕಡೆಗೆ ವಾಲಿಕೊಂಡು ಬಂತು. ಮಗಳು ಹತ್ತು ಹೆಜ್ಜೆ ದೂರ ಸರಿದು ನಿಂತಿದ್ದವಳು, ನನ್ನನ್ನು ಎಲ್ಲಿಯೂ ಕಂಡೇ ಇಲ್ಲವೆಂಬಂತೆ ನೋಡಿ, ಮುಂದಿನ ಬಾಗಿಲಲ್ಲಿ ಹೇಗೋ ತೂರಿಕೊಂಡಳು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ, ಇನ್ನೊಂದಕ್ಕೆ ಜಾಗವಿರಲಿಲ್ಲ. ಒಳಗಿನಿಂದ ಕಂಡಕ್ಟರ್, ಆ ಗಟ್ಟಿ ದನಿಯ ಹೆಣ್ಣುಮಗಳು, 'ಹೊಟ್ಟೆ ಒಳಗೆ ಎಳ್ಕೊಳ್ಳಿ ಸಾರ್, ಇಲ್ಲಾಂದ್ರೆ ನಾಳೆ ಬನ್ನಿ' ಎಂದಳು. ಎಳೆದುಕೊಂಡೆ. ಎರಡು ಜಡೆಗಳ ನಡುವೆ ಮೂಗನ್ನಿಟ್ಟುಕೊಂಡು ಎಣಿಸಿದೆ. ಇಟ್ಟಿಗೆ ಗೂಡಿನ ಹತ್ತಿರ ಇನ್ನೂ ಹದಿನಾಲ್ಕು ಮಕ್ಕಳು ಹತ್ತಿದರು. ಅಲ್ಲಿ ಇಟ್ಟಿಗೆ ಹೊರುವವರ ಮಕ್ಕಳು, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಒಟ್ಟು ಅರವತ್ತೆಂಟು. ನಾನು ಸೇರಿಲ್ಲ. ಯಾರೋ ಪಠ್ಯವನ್ನು ಜೋರಾಗಿ ಓದುತ್ತಿದ್ದರು, ಯಾರೋ ಅದಕ್ಕೆ ತಪ್ಪು ಉತ್ತರ ಹೇಳಿ ನಗಿಸುತ್ತಿದ್ದರು. ಬಸ್ಸಿನಲ್ಲಿ ಗಾಳಿ ಇರಲಿಲ್ಲ. ಆದರೂ ಇಷ್ಟು ಹಗುರವಾಗಿ ನಾನು ಉಸಿರಾಡಿ ಎಷ್ಟೋ ದಿನವಾಗಿತ್ತು.

ಕಂಡಕ್ಟರನ್ನು ಕೇಳಿದೆ, ಇದು ನಾಲ್ಕು ಹೇಗಾಯಿತಮ್ಮ? 'ಟಿಕೆಟ್ ಹರಿದದ್ದು ನಾಲ್ಕೇ ಸಾರ್. ತರಕಾರಿಯವಳು, ಹಲ್ಲಿನ ಡಾಕ್ಟರ ಕಾಂಪೌಂಡರು, ಇನ್ನಿಬ್ಬರು. ಮಿಕ್ಕವರೆಲ್ಲ ಪಾಸು. ಪಾಸಿನವರನ್ನ ಬರೆಯೋಕೆ ಶೀಟಲ್ಲಿ ಕಾಲಂ ಎಲ್ಲಿದೆ? ನೀವೇ ಮಾಡಿದ ಶೀಟು.'

ಹೌದು, ನಾನೇ ಮಾಡಿದ್ದು. ಒಂಬತ್ತು ವರ್ಷದ ಹಿಂದೆ ಸ್ಕೇಲು ಹಿಡಿದು ಏಳು ಕಾಲಂ ಎಳೆದೆ, ಎಲ್ಲ ಡಿಪೋಗಳಲ್ಲೂ ಅದೇ ಜಾರಿಗೆ ಬಂತು, ಮೆಚ್ಚುಗೆ ಪತ್ರ ನಿನ್ನ ಹೊಲಿಗೆ ಮೆಷಿನ್ನಿನ ಮೇಲೆ ಈಗಲೂ ತೂಗುತ್ತಿದೆ. ಟಿಕೆಟ್ಟನ್ನು ಎಣಿಸಿದರೆ ಜನರನ್ನು ಎಣಿಸಿದಂತೆ ಎಂದುಕೊಂಡಿದ್ದೆ. ಮಕ್ಕಳಿಗೆಂದೇ ಬಿಟ್ಟ ಬಸ್ಸು, ಮಕ್ಕಳಿಗೆ ಟಿಕೆಟ್ ಬೇಡವೆಂದು ಹೇಳಿದ್ದೂ ನಾವೇ, ಟಿಕೆಟ್ ಇಲ್ಲ ಅಂದಮೇಲೆ ಮಕ್ಕಳೇ ಇಲ್ಲ ಎಂದದ್ದೂ ನಾವೇ. ಇಪ್ಪತ್ತನಾಲ್ಕು ದಿನ ನನ್ನ ಸ್ವಂತ ಮಗಳನ್ನು ಆ ಬಸ್ಸಿನಲ್ಲಿ ಇಲ್ಲವೆಂದು ಬರೆದಿದ್ದೆ.

ಆಗ ನೆನಪಾಯಿತು, ವಿಭಾಗ ಕಚೇರಿಗೆ ಹೋಗುವ ಟಪಾಲು ಅದೇ ಬಸ್ಸಿನಲ್ಲಿ ಹೋಗುತ್ತದೆ ಎಂಬುದು. ಚೀಲ ಎಲ್ಲಮ್ಮ ಎಂದೆ. ಅವಳು ಎಂಜಿನ್ನಿನ ಕಡೆ ಗದ್ದದಲ್ಲೇ ತೋರಿಸಿದಳು. ಚೀಲದ ಮೇಲೆ ಇಬ್ಬರು ಹುಡುಗಿಯರು ಕೂತಿದ್ದರು. ಬಸ್ಸು ಖಾಲಿ ಓಡುತ್ತಿದೆ ಎಂಬ ನನ್ನ ಕಾಗದದ ಮೇಲೆ, ಬೇರೆಲ್ಲೂ ಜಾಗ ಸಿಗದೆ. ಅವರನ್ನು ಎಬ್ಬಿಸಿದ್ದಕ್ಕೆ ಇಡೀ ಬಸ್ಸು ನನ್ನನ್ನು ಬೈಯಿತು. 'ಅಂಕಲ್, ವಯಸ್ಸಾದವರು ಅಂತ ಬಿಟ್ಟುಕೊಡ್ತಿದೀವಿ' ಎಂದಳು ಒಬ್ಬಳು. ಕಾಗದವನ್ನು ತೆಗೆದು ಜೇಬಿಗಿಟ್ಟುಕೊಂಡೆ. ಅಷ್ಟು ಹೊತ್ತು ನನ್ನ ಪರಿಚಯವೇ ಇಲ್ಲದವಳಂತಿದ್ದ ನಮ್ಮ ವಕೀಲರು, ಎಲ್ಲರ ತಲೆಯ ಮೇಲಿಂದ, 'ಅವರು ನಮ್ಮಪ್ಪ ಕಣ್ರೇ, ಬಿಡಿ' ಎಂದಳು.

ಡಿಪೋಗೆ ವಾಪಸು ಬಂದು ಎಂಟನೆಯ ಕಾಲಂ ಎಳೆದೆ. ಪ್ರಯೋಗದ ಉಳಿದ ದಿನಗಳಲ್ಲಿ ನಾನೂ ಕಂಡಕ್ಟರೂ ತಲೆ ಎಣಿಸಿದೆವು. ಸಾಹೇಬರು ಈ ಸಲ ಓದಿದರು. 'ನಿನ್ನೆ ಮೊನ್ನೆ ನಾಲ್ಕು, ಈಗ ಅರವತ್ತೆಂಟು. ಇಷ್ಟು ಮಕ್ಕಳನ್ನ ಒಂದೇ ದಿನದಲ್ಲಿ ಎಲ್ಲಿಂದ ತಂದ್ರಿ?' ಅಲ್ಲೇ ಇದ್ದರು ಸಾರ್, ಎಂದೆ. ಪೆನ್ನಿನ ಮುಚ್ಚಳ ತೆಗೆದು, 'ಆಯ್ತು ಬಿಡಿ' ಎಂದರು. ನಿನ್ನೆ ಆದೇಶ ಬಂತು. ಬಸ್ಸು ಖಾಯಂ, ಸಂಜೆಗೆ ಇನ್ನೊಂದನ್ನೂ ಕೊಟ್ಟಿದ್ದಾರೆ. ಮಗಳು ಆದೇಶದ ಪ್ರತಿಯನ್ನು ಎರಡು ಸಲ ಓದಿ, ಅದರಲ್ಲೂ ಒಂದು ತಪ್ಪು ಹುಡುಕಿ, ಆಮೇಲೆ ಅಜ್ಜಿಯನ್ನು ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿಸಿದಳು. ಅಮ್ಮ ಬೈಯುತ್ತಲೇ ತಿರುಗಿದಳು.

ಆರೋಗ್ಯ ನೋಡಿಕೋ, ಚೆನ್ನಾಗಿ ಓದು, ಪಕ್ಕದ ಬೆಂಚಿನವರಿಗೆ ಉತ್ತರ ತೋರಿಸಬೇಡ. ಅಮ್ಮ ನಿನಗೆ ನೂರು ವರ್ಷ ಆಯಸ್ಸು ಹೇಳಿದ್ದಾಳೆ, ಹೋಂವರ್ಕಿನ ಸಮೇತ. ಚಪ್ಪಲಿ ಸಿಕ್ಕಿತಂತೆ, ಅದನ್ನೂ ಬರೆಯಬೇಕಂತೆ.

ನಿನ್ನವನು,
ಮೇಲಂತಸ್ತಿನ ಗುಮಾಸ್ತ

ವಿ.ಸೂ.: ಹೇಳಬೇಕಾದದ್ದನ್ನೇ ಹೇಳಲಿಲ್ಲ. ಗುರುವಾರ ಹಳೆಯ ಕಡತಗಳನ್ನು ತೆಗೆಸಿದೆ. ಆರು ವರ್ಷದ ಹಿಂದೆ, ಕಲ್ಲುಗಣಿಯಾಚೆ ನೀನು ಪಾಠ ಮಾಡುತ್ತಿದ್ದ ಹಳ್ಳಿಯ ಬೆಳಗಿನ ಬಸ್ಸನ್ನು ನಿಲ್ಲಿಸಿದ ಕಾಗದ ಅಲ್ಲಿತ್ತು. ಸರಾಸರಿ ಮೂರು. ಕೆಳಗೆ ನನ್ನ ಸಹಿ. ಆ ವರ್ಷ ನಿನ್ನ ಏಳನೇ ತರಗತಿಯ ಒಂಬತ್ತು ಹುಡುಗಿಯರು ಹೈಸ್ಕೂಲಿಗೆ ಹೋಗಲಿಲ್ಲ. 'ಬಸ್ಸು ತುಂಬಿರ್ತಿತ್ತಲ್ರೀ' ಎಂದಿದ್ದೆ ನೀನು. ನಾನು ಕಾಗದ ತೋರಿಸಿ ಮಾತು ಮುಗಿಸಿದೆ. ಸಾಹೇಬರನ್ನು ಒಪ್ಪಿಸಿದ್ದೇನೆ, ನಾಳೆ ಸೋಮವಾರದಿಂದ ಆ ಬಸ್ಸು ಮತ್ತೆ ಓಡುತ್ತದೆ. ಓದು ಬಿಟ್ಟವರಿಗೆ ಹತ್ತನೆಯ ಪರೀಕ್ಷೆ ಕಟ್ಟಿಸಿ ಕಾಲೇಜಿಗೆ ಸೇರಿಸಿಕೊಳ್ಳುವ ತರಗತಿ ಇಲ್ಲಿ ಶುರುವಾಗುತ್ತಿದೆ, ವಯಸ್ಸಿನ ಮಿತಿಯಿಲ್ಲ, ತಿಂಗಳ ಕೊನೆಯವರೆಗೆ ಸಮಯವಿದೆ. ಒಂಬತ್ತು ಅರ್ಜಿ ತಂದಿಟ್ಟಿದ್ದೇನೆ. ನನಗೆ ಗೊತ್ತಿರುವುದು ಆ ಅಂಕಿ ಮಾತ್ರ. ಅವರ ಹೆಸರೇನು, ಯಾರ ಮನೆ ಎಲ್ಲಿ?