ತೊಳೆದ ಕೌದಿ

ಮುಂಡರಗಿ
ಫೆಬ್ರವರಿ 30, 2193

ಸಣ್ಣ ಉದ್ದಿಮೆ ಕಲಿಯಲು ಹೊರಟಿರುವ 2026ರ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಮಿಕ್ಕ ಐದು ದಿನ ಊರಿಗೆಲ್ಲ ರಜೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಬರೆಯುತ್ತಲೇ ಬಿಡಿಸಿ ಹೇಳುತ್ತೇನೆ. ನಾನು ಮುಕ್ತಾಂಬಾ, ಇಪ್ಪತ್ತಾರರ ಮುಂಗೋಪಿ. ಮೂರು ವರ್ಷದಿಂದ ಇಲ್ಲಿನ ಅಂಗಡಿಶಾಲೆಯಲ್ಲಿ ಓದುತ್ತಿದ್ದೇನೆ.

ನಮ್ಮ ಕಾಲದಲ್ಲಿ ಅಂಗಡಿ ತೆರೆಯುವುದೆಂದರೆ ಮದುವೆಯಷ್ಟೇ ಫಜೀತಿ. ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಇರುವುದಿಲ್ಲ. ಒಬ್ಬ ಗಿರಾಕಿಗೆ ಒಂದು ಕೆಲಸ ಮಾಡಿಕೊಡಬೇಕು, ಆ ಗಿರಾಕಿ ಎರಡು ತಿಂಗಳೊಳಗೆ ಶಾಲೆಯ ಹಾಳೆಗೆ ಹೆಬ್ಬೆಟ್ಟು ಒತ್ತಬೇಕು. ಇದಕ್ಕೆ ‘ಮೊದಲೊಪ್ಪಿಗೆ’ ಎನ್ನುತ್ತೇವೆ. ಅದು ಸಿಗದಿದ್ದರೆ ಅಂಗಡಿಯೂ ಇಲ್ಲ, ಇನ್ನೊಂದು ಅವಕಾಶವೂ ಇಲ್ಲ. ನಾನು ಮತ್ತೆ ಮೋಡಕಾವಲಿಗೆ, ಅಂದರೆ ದಿನವಿಡೀ ಪರದೆಯಲ್ಲಿ ಮೋಡ ನೋಡುತ್ತಾ ಕೂರುವ ಕೆಲಸಕ್ಕೆ ಮರಳಬೇಕು. ನಾಲ್ಕು ವರ್ಷ ಕೂತಿದ್ದೆ. ಸತ್ತರೂ ಅಲ್ಲಿಗೆ ಹೋಗಲಾರೆ.

ನಾವು ಉಡುವುದು ಕರಗುಬಟ್ಟೆ. ಒಂದು ಹಂಗಾಮು ಉಟ್ಟು ಮಣ್ಣಿಗೆ ಹಾಕಿದರೆ ಗೊಬ್ಬರವಾಗುತ್ತದೆ. ಹಳೆಯ ಹತ್ತಿಬಟ್ಟೆ ಕೆಲವೇ ಮನೆಗಳ ಪೆಟ್ಟಿಗೆಯಲ್ಲಿ ಉಳಿದಿದೆ. ಅದನ್ನು ತಂದುಕೊಟ್ಟವರಿಗೆ ತುಂಡು ಜೋಡಿಸಿ, ಕೈಯಿಂದಲೇ ಕೌದಿ ಹೊಲಿದುಕೊಡುವುದು ನಾನು ಆರಿಸಿಕೊಂಡ ಉದ್ದಿಮೆ. ಮೊದಲ ಗಿರಾಕಿ ಫಕೀರವ್ವ, ಎಪ್ಪತ್ತು ದಾಟಿದ, ಇಡೀ ಓಣಿಗೆ ಕೇಳುವಂತೆ ಮಾತಾಡುವ ಹೆಂಗಸು. ತೀರಿಹೋದ ತಾಯಿಯ ಆರು ಸೀರೆ ಕೊಟ್ಟಳು. ಶುಚಿಯೇ ಮೊದಲು ಎಂದು ಪಾಠದಲ್ಲಿ ಓದಿದ್ದೆನಲ್ಲ, ಅವನ್ನು ಸೀದಾ ಬೆಳಕುತೊಟ್ಟಿಗೆ ಹಾಕಿದೆ. ನೀರಿಲ್ಲದೆ ಬರೀ ಬೆಳಕಿನಿಂದ ಬಟ್ಟೆ ತೊಳೆಯುವ ತೊಟ್ಟಿ ಅದು. ಬಟ್ಟೆಯ ಹೊರತು ಬೇರೇನನ್ನೂ ಉಳಿಸುವುದಿಲ್ಲ. ಹದಿನೆಂಟು ದಿನ ಹೊಲಿದು, ಬೀಗುತ್ತಾ ಒಯ್ದೆ.

ಫಕೀರವ್ವ ಕೌದಿಯನ್ನು ಮುಖಕ್ಕೆ ಒತ್ತಿಕೊಂಡಳು. “ನಮ್ಮವ್ವನ ವಾಸನಿ ಎಲ್ಲಿ ಹೋತು? ಏನ್ ಮಾಡಿಟ್ಟಿ ಖೋಡಿ!” ಎಂದು ಕೂಗಿ, ಕುಸಿದು ಕೂತು ಅತ್ತುಬಿಟ್ಟಳು. ಹೊಗೆಸೊಪ್ಪು, ಎಲೆಯಡಿಕೆ, ಒಲೆಯ ಹೊಗೆ. ಮೂವತ್ತು ವರ್ಷ ಆಕೆ ಪೆಟ್ಟಿಗೆ ತೆಗೆದು ಮೂಸುತ್ತಿದ್ದದ್ದು ಅದನ್ನೇ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಮೂರು ವರ್ಷ ಓದಿದವಳು ‘ತೊಳೆಯಲೇ?’ ಎಂದು ಒಂದು ಮಾತು ಕೇಳಿರಲಿಲ್ಲ.

ತೊಟ್ಟಿ ಕೆಟ್ಟಿತ್ತು ಎಂದು ಸುಳ್ಳು ಹೇಳಲೇ ಎಂದು ನಮ್ಮ ದಾವಲಸಾಬ ಮಾಸ್ತರರನ್ನು ಕೇಳಿದೆ. “ಥೂ! ಹೋಗಿ ಅಕೀ ಮುಂದ ಕುಂದ್ರು. ಬೈಸ್ಕೊ. ಅಕೀ ಬೈಯೋದು ಮುಗಿಯೋತನಕಾ ಏಳಬ್ಯಾಡ,” ಎಂದರು. ಹೋಗಿ ಕೂತೆ. ಮೂರು ದಿನ ಬರೀ ಬೈಗುಳ. ನನಗೂ ಸಿಟ್ಟು ನೆತ್ತಿಗೇರಿತ್ತು, ಹಲ್ಲು ಕಚ್ಚಿ ಕೂತೆ. ನಾಲ್ಕನೆಯ ದಿನ ಆಕೆ ಬೈಯುತ್ತಲೇ ಚಹಾ ಕೊಟ್ಟಳು. ಐದನೆಯ ದಿನ, ತನ್ನವ್ವ ಹೊಲಿಗೆಯನ್ನು ಹೇಗೆ ಸೊಟ್ಟ ಹಾಕುತ್ತಿದ್ದಳೆಂದು ತೋರಿಸಿದಳು. ನಾನು ಒಂದು ಅಂಚು ಬಿಚ್ಚಿ ಹಾಗೆಯೇ ಸೊಟ್ಟಗೆ ಹೊಲಿದೆ. ಹೋದ ವಾಸನೆ ಮಾತ್ರ ಬರಲಿಲ್ಲ. ಎಲ್ಲಿಂದ ಬರಬೇಕು?

ಹಿರಿಯರೇ, ನಿಮ್ಮ ಪುಸ್ತಕಗಳನ್ನು ಚೆನ್ನಾಗಿ ಓದಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಗಿರಾಕಿ ಎದುರಿಗೆ ಕೂತು ಅತ್ತ ದಿನ ದಯವಿಟ್ಟು ಓಡಿಹೋಗಬೇಡಿ.

ಇವತ್ತು ಮೊದಲೊಪ್ಪಿಗೆಯ ಗಡುವಿನ ಕೊನೆಯ ದಿನ; ಹಾಳೆಗೆ ಹೆಬ್ಬೆಟ್ಟು ಇನ್ನೂ ಬಿದ್ದಿರಲಿಲ್ಲ. ಬೆಳಿಗ್ಗೆ ಫಕೀರವ್ವನೇ ನನ್ನ ಬಾಗಿಲಿಗೆ ಬಂದಳು. ತೀರಿಹೋದ ಗಂಡನ ಮೂರು ಅಂಗಿಗಳ ಗಂಟನ್ನು ನನ್ನ ಮಡಿಲಿಗೆ ಎಸೆದು, “ಇವನ್ನ ತೊಳದೀ ಅಂದ್ರ ಕಾಲ ಮುರೀತೀನಿ ನೋಡು!” ಎಂದಳು. ಆಮೇಲೆ ಹಾಳೆ ಇಸಿದುಕೊಂಡು ಹೆಬ್ಬೆಟ್ಟು ಒತ್ತಿದಳು. ‘ಕೆಲಸ ಹೇಗಿತ್ತು?’ ಎಂಬಲ್ಲಿ ತನ್ನ ಕೈಯಾರೆ ಬರೆದಳು: “ಕೆಲಸ ಕೆಟ್ಟೈತಿ. ಮುಂದಿನ ಕೌದೀನೂ ಇಕೀಗೇ ಕೊಟ್ಟೀನಿ.”

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಮುಕ್ತಾಂಬಾ