ರೆಫರೆನ್ಸ್ ಸೆಲ್ಲಿಗೆ ಗಂಧ

22 ಅಕ್ಟೋಬರ್ 2012, ಸೋಮವಾರ
ಮತ್ತೆ 3.8. ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಾದರೂ ಕರೆಂಟ್ ಆಗಬೇಕು ಅಂತ ಲ್ಯಾಬ್ ಹೆಡ್ ಉಪೇಂದ್ರ ಸರ್ ಗೆರೆ ಎಳೆದಿದ್ದಾರೆ. ನವೆಂಬರ್ ಐದರ ರಿವ್ಯೂ ಒಳಗೆ ಆಗದಿದ್ದರೆ ನನ್ನ ಡಿಸೈನ್ ಬಂದ್, ನಾನು ಕೆಳಗಡೆ ಬೋರ್ಡ್ ಟೆಸ್ಟಿಂಗಿಗೆ. ಎರಡು ವರ್ಷದ ಕೆಲಸ. ಪ್ಲಾಸ್ಟಿಕ್ ಸೋಲಾರ್ ಸೆಲ್ಲಿನ ಪದರಗಳನ್ನು ತಲೆಕೆಳಗು ಮಾಡಿದ್ದೇನೆ, ಮೇಲೆ ಅಲ್ಯೂಮಿನಿಯಂ ಬದಲು ಬೆಳ್ಳಿ. ಮೂದೇವಿ 3.8 ಬಿಟ್ಟು ಮೇಲೇಳುವುದಿಲ್ಲ. ಸಿಟ್ಟು ಬಂದು ಸೆಲ್ಲಿನ ಪ್ಲೇಟನ್ನು ಗಾಳಿಯಾಡದ ಪೆಟ್ಟಿಗೆಗೂ ಹಾಕದೆ ಕಿಟಕಿ ಕಟ್ಟೆ ಮೇಲೆ ಒಗೆದೆ.

ನಾಳೆಯಿಂದ ರಜೆ, ಹಾಗಾಗಿ ಆಯುಧಪೂಜೆ ಇವತ್ತು ಮಧ್ಯಾಹ್ನವೇ. ಇಡೀ ಪೀಣ್ಯ ಬೂದುಗುಂಬಳಕಾಯಿ ಒಡೆಯುತ್ತಿತ್ತು. ನಮ್ಮಲ್ಲಿ ಟೆಕ್ನಿಷಿಯನ್ ಮಲಕಪ್ಪ ಮೆಷಿನ್‌ಗಳಿಗೆ ಇಡಲು ಗಂಧ, ಕುಂಕುಮದ ತಟ್ಟೆ ಹಿಡಿದು ಬಂದರು — ಯಾದಗಿರಿ ಕಡೆಯವರು, ಶ್ರದ್ಧೆ ಜಾಸ್ತಿ. “ಒಂದನ್ನೂ ಬಿಡಬೇಡಿ, ಆಮೇಲೆ ಮುನಿಸ್ಕೊಂಡಾವು,” ಅಂತ ರೇಗಿಸಿದೆ. ಬಾಗಲಗುಂಟೆ ಬಸ್ ಹಿಡಿಯಲು ಓಡಿದೆ.

25, ಗುರುವಾರ
ಹೊಸ ಪ್ಲೇಟು 4.3!! ಮೂರು ಸಲ ನೋಡಿದೆ. ಸರ್ ಮೈಸೂರ್‌ಪಾಕ್ ತರಿಸಿದರು. ಮಲಕಪ್ಪ: “ಪೂಜಿ ಫಲ ಕೊಡ್ತು ನೋಡ್ರಿ ಮೇಡಂ.” ಇರಲಿ ಬಿಡಿ, ಅವರಿಗೂ ಒಂದು ಪಾಲು. ಖುಷಿಗೆ ಊಟವೇ ಸೇರಲಿಲ್ಲ.

29, ಸೋಮವಾರ
ತನ್ಮಯಿ ಹಳೇ ಡಿಸೈನ್ ನೋಡಿಕೊಳ್ಳುವವಳು. ಹಬ್ಬಕ್ಕೆ ಮುಂಚೆ ಅವಳ ಪ್ಲೇಟು 3.1 ಇತ್ತು. ಪೆಟ್ಟಿಗೆಯಿಂದ ತೆಗೆದು ಇವತ್ತು ಅಳೆದರೆ 3.5.
“ನಿನ್ ಅದೃಷ್ಟ ನಂಗೂ ತಗುಲ್ತು ಕಣೇ.”
ನನಗೆ ನಗು ಬರಲಿಲ್ಲ. ಸೆಲ್ ಇದ್ದಷ್ಟೇ ಇರಬಹುದು, ಇಳಿಯಬಹುದು. ಸುಮ್ಮನೆ ಏರುವ ಹಾಗಿಲ್ಲ. ನಾಳೆ ಅಳೆಯುವ ಕೋಣೆಯನ್ನೇ ಜಾಲಾಡಬೇಕು.

30, ಮಂಗಳವಾರ
ಸಿಕ್ಕಿತು.
ಪ್ಲೇಟಿನ ಮೇಲೆ ಬಿಸಿಲಿನ ಬದಲು ಬೆಳಕು ಚೆಲ್ಲುವ ಲ್ಯಾಂಪ್ ಎಷ್ಟು ಉರಿಯಬೇಕು ಎಂದು ಹೇಳುವುದು ಬೆಂಕಿಪೊಟ್ಟಣದಷ್ಟು ದೊಡ್ಡ ರೆಫರೆನ್ಸ್ ಸೆಲ್. ಅದರ ರೀಡಿಂಗ್ ಬಿಸಿಲಿನ ಲೆಕ್ಕಕ್ಕೆ ಬರುವ ತನಕ ಲ್ಯಾಂಪ್ ಏರಿಸುತ್ತೇವೆ. ಅಳೆಯುವುದು ಕತ್ತಲೆ ಕೋಣೆಯಲ್ಲಿ, ಹಾಗಾಗಿ ಯಾರಿಗೂ ಕಂಡಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಅದರ ಗಾಜಿನ ಮೇಲೆ ಒಣಗಿದ ಗಂಧ! ಅದಕ್ಕೆ ಕಂಡ ಬೆಳಕೇ ಕಡಿಮೆ, ನಾವು ಲ್ಯಾಂಪ್ ಏರಿಸಿದೆವು, ಎಲ್ಲರ ನಂಬರೂ ಏರಿತು.

ಮಲಕಪ್ಪ ಮುಖ ಸಣ್ಣದು ಮಾಡಿಕೊಂಡರು. “ನೀವಾ ಹೇಳಿದ್ರಿ ಒಂದೂ ಬಿಡಬ್ಯಾಡ್ರಿ ಅಂತ. ಸಣ್ಣದದ ಅಂತ ಹ್ಯಾಂಗ ಬಿಡ್ಲಿರಿ?”
ಒರೆಸಿದೆ. ತನ್ಮಯಿಯದು 3.1. ನನ್ನದು 3.8. ತನ್ಮಯಿ ತನ್ನ ಪ್ಲೇಟನ್ನೂ ಕಿಟಕಿ ಕಟ್ಟೆಗೆ ಒಗೆದು ಹೋದಳು.
ನಾನು ಬಾಯಿ ಬಿಡದಿದ್ದರೆ ರಿವ್ಯೂ ದಾಟುತ್ತದೆ. ಆಸೆ ಆಗಲಿಲ್ಲ ಎಂದರೆ ಸುಳ್ಳು.

31, ಬುಧವಾರ
ಸರ್‌ಗೆ ಹೇಳಿದೆ.
“ಯಾರ್ರೀ ಇಟ್ಟಿದ್ದು?”
“ನಾನೇ ಇಡಿ ಅಂದಿದ್ದು ಸಾರ್.”
ಸ್ಕ್ರೀನಿನಲ್ಲಿ 4.3 ಅಳಿಸಿ 3.8 ಹಾಕಿದರು. “ಹೇಳಿದ್ದು ಒಳ್ಳೇದಾಯ್ತು ಸುಮಂಗಲಾ. ಆದ್ರೆ ನಾಲ್ಕು ಅಂದ್ರೆ ನಾಲ್ಕೇ. ರಿವ್ಯೂನಲ್ಲಿ ಕ್ಲೋಸ್ ಅಂತ ಹೇಳ್ಬಿಡ್ತೀನಿ.”
ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದೆ.

5 ನವೆಂಬರ್, ಸೋಮವಾರ, ಬೆಳಿಗ್ಗೆ
ಟೇಬಲ್ ಖಾಲಿ ಮಾಡುತ್ತಿದ್ದೆ. ಕಿಟಕಿ ಕಟ್ಟೆ ಮೇಲೆ ಎರಡೂ ಪ್ಲೇಟು ಧೂಳು ಹಿಡಿದು ಬಿದ್ದಿದ್ದವು. ಎಸೆಯುವ ಮುಂಚೆ ಸುಮ್ಮನೆ ಅಳೆದೆ. ತನ್ಮಯಿಯದು ಒಂದು ವಾರ ಗಾಳಿ ಕುಡಿದು 1.1ಕ್ಕೆ ಇಳಿದಿದೆ, ಅಲ್ಯೂಮಿನಿಯಂ ಮಸುಕಾಗಿದೆ. ನನ್ನದು ಅದರ ಎರಡರಷ್ಟು ದಿನ ಬಯಲಲ್ಲೇ ಬಿದ್ದಿತ್ತು.
3.7.
ನಂಬಿಕೆ ಬರಲಿಲ್ಲ. ಮಲಕಪ್ಪನವರನ್ನು ಕರೆದೆ. ಅವರೇ ಟಾರ್ಚ್ ಹಿಡಿದು ರೆಫರೆನ್ಸ್ ಸೆಲ್ ಒರೆಸಿದರು, ಇಬ್ಬರೂ ಕಣ್ಣು ಕಿರಿದು ಮಾಡಿ ಗಾಜು ನೋಡಿದೆವು. ಏನೂ ಇಲ್ಲ. ಮತ್ತೆ ಅಳೆದೆ. 3.7.
ಎರಡು ವರ್ಷ ಎಷ್ಟು ಏರುತ್ತದೆ ಎಂದಷ್ಟೇ ನೋಡಿದೆವು. ಎಷ್ಟು ದಿನ ಬಾಳುತ್ತದೆ ಎಂದು ಯಾರೂ ಕೇಳಲೇ ಇಲ್ಲ, ನಾನೂ ಕೂಡ.
ಸರ್ ರಿವ್ಯೂಗೆ ಹೊರಟಿದ್ದಾರೆ, ಕ್ಯಾಬ್ ಗೇಟಿನ ಹತ್ತಿರ ಬಂದಿದೆ. ಮಲಕಪ್ಪ ತಡೆಯಲು ಮೆಟ್ಟಿಲಿಳಿದು ಓಡಿದರು. ಪ್ಲೇಟು ಕೈಯಲ್ಲೇ ಇದೆ, ಧೂಳು ಒರೆಸುವುದಿಲ್ಲ, ಹೀಗೇ ಒಯ್ಯು—